ಪದಚರ್ಚೆ: ಗಾಳಿ ಪಟ್ಟಿಯ ‘ಕಾಮ್’ಗೆ ಕನ್ನಡ ಏನು?

>> ಗಾಳಿಯ ಬಲವನ್ನು ಮಟ್ಟಗಳಲ್ಲಿ ಹೇಳುವ ಬ್ಯೂಫರ್ಟ್ ಗಾಳಿ ಪಟ್ಟಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. 0ಯಿಂದ 12ರವರೆಗೆ ಹೆಸರು ಬೇಕು. ಮೊದಲನೆಯದೇ ಇಂಗ್ಲಿಷಿನ ‘ಕಾಮ್’ (calm), ಅಲ್ಲೇ ಸಿಕ್ಕಿಬಿದ್ದೆ. ಹಾಗೇ ಬಿಟ್ಟರೆ ಓದುವವರು ಬೇರೇನೋ ಅಂದುಕೊಳ್ಳುತ್ತಾರೆ! ‘ಪ್ರಶಾಂತ’ ಹಾಕಲಾ? ನಾಳೆ ಅಚ್ಚಿಗೆ ಹೋಗಬೇಕು.

> ಸಂಸ್ಕೃತ ಯಾಕೆ? ‘ನೆಮ್ಮದಿ’ ಇದೆಯಲ್ಲ. ಅಚ್ಚಗನ್ನಡ. ಮುಗೀತು.

ಮುಗೀಲಿಲ್ಲ ಸ್ವಾಮಿ. ಗಾಳಿಗೆಂಥ ನೆಮ್ಮದಿ? ಸಾಲ ತೀರಿದ ಮೇಲೆ ಮನುಷ್ಯನಿಗೆ ಬರುವುದು ನೆಮ್ಮದಿ. ‘ನೆಮ್ಮು’ ಅಂದರೆ ಒರಗು, ನಂಬು. ನೆಮ್ಮದಿಯೂ ಅಲ್ಲಿಂದಲೇ ಹುಟ್ಟಿದ್ದು ಅನ್ನುವುದು ನನ್ನ ಎಣಿಕೆ. ಒರಗಲು ಗಾಳಿಗೆ ಬೆನ್ನೆಲ್ಲಿದೆ?

‘ಪ್ರಶಾಂತ’ವೂ ಜಾಸ್ತಿಯಾಯಿತು. ಇಲ್ಲಿ ಬೇಕಿರುವುದು ಅಳತೆ, ವರ್ಣನೆಯಲ್ಲ.

‘ಎಲೆ ಅಲುಗದು’ ಅಂತ ಇನ್ನೊಬ್ಬರು ಬರೆದಿದ್ದಾರೆ. ಕೇಳಲು ಚೆಂದ, ಆದರೆ ತಪ್ಪು. ಎಲೆ ಮರಮರ ಅನ್ನುವುದು 2ನೇ ಮಟ್ಟದಲ್ಲಿ. 1ರಲ್ಲೂ ಎಲೆ ಅಲುಗದು, ಹೊಗೆ ಮಾತ್ರ ಗಾಳಿ ಹೋದ ಕಡೆಗೆ ವಾಲುತ್ತದೆ. 0 ಅಂದರೆ ಹೊಗೆ ನೆಟ್ಟಗೆ ಮೇಲೇಳಬೇಕು, ವೇಗ ಗಂಟೆಗೆ 1 ಕಿಲೋಮೀಟರಿಗಿಂತ ಕಡಿಮೆ. ‘ಗಾಳಿ ಇಲ್ಲ’ ಅಂತ ಬರೆಯಿರಿ, ಸಾಕು.

ಇನ್ನು ಅಚ್ಚಗನ್ನಡದ ಮಾತು. ಈ ‘ಕಾಮ್’ ಹುಟ್ಟಿದ್ದು ತಂಪಿನಲ್ಲಲ್ಲ, ಸುಡುಬಿಸಿಲಲ್ಲಿ. ಗ್ರೀಕಿನ ‘ಕೌಮ’ ಅಂದರೆ ಸುಡುವ ಕಾವು. ನಡುಹಗಲ ಧಗೆಗೆ ಕೆಲಸ ನಿಂತು ಎಲ್ಲರೂ ಮೈ ಚಾಚುವ ಹೊತ್ತಿಗೆ ಆ ಹೆಸರು ಬಂತು, ಆಮೇಲೆ ಆ ಹೊತ್ತಿನ ಸದ್ದಿಲ್ಲದ ಸ್ಥಿತಿಗೇ ಅಂಟಿಕೊಂಡಿತು. ಕಾಸ್ಟಿಕ್ ಸೋಡಾದ ‘ಕಾಸ್ಟಿಕ್’ ಕೂಡ ಅದೇ ‘ಸುಡು’ ಬೇರಿನದು! ನಮ್ಮದು ನೇರ ಉಲ್ಟಾ. ‘ತಣ್ಣಗೆ ಕೂತ್ಕೋ’ ಅಂತ ಗದರುತ್ತೇವೆ, ‘ಹೊಟ್ಟೆ ತಣ್ಣಗಿರಲಿ’ ಅಂತ ಹರಸುತ್ತೇವೆ.

ಗ್ರೀಕ್, ಲ್ಯಾಟಿನ್, ಇಟಾಲಿಯನ್, ಫ್ರೆಂಚ್ ಅಂತ ನಾಲ್ಕು ಮನೆ ಸುತ್ತಿ ಬಂದ ಪದವನ್ನು ಇಂಗ್ಲಿಷಿನವರು ಸ್ವಂತದ್ದೇ ಅನ್ನುವ ಹಾಗೆ ಬಳಸುತ್ತಾರೆ. ನಾವು ‘ಶಾಂತ’ವನ್ನು ಓಡಿಸಲು ಹೊರಟಿದ್ದೇವೆ. ‘ಶಾಂತವಾಗಿ ಚರ್ಚಿಸೋಣ’ ಅಂತ ಹೋದ ವಾರ ಬರೆದವರು, ‘ನೆಮ್ಮದಿ’ಯವರೇ, ನೀವೇ ಅಲ್ವಾ?

ಅಂದಹಾಗೆ, 1ಕ್ಕೆ ‘ತಂಗಾಳಿ’ ಹಾಕಿಬಿಡಬೇಡಿ. ಆ ಪಟ್ಟಿಯಲ್ಲಿ ತಂಪಿನ ಮಾತೇ ಇಲ್ಲ. ‘ತೆಳುಗಾಳಿ’ ನೋಡಿ.