ಮುದಿ ಬೆಕ್ಕಿಗೆ ಶುಗರ್: ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ? ಗೊತ್ತಿದ್ದವರು ತಿಳಿಸಿ

ಪ್ರಶ್ನೆ: ಬೆಕ್ಕಿಗೆ 13 ವರ್ಷ, ತೂಕ 5.5 ಕೆ.ಜಿ. ಶುಗರ್ ಇದೆ ಎಂದು ಪರೀಕ್ಷೆಯಲ್ಲಿ ಗೊತ್ತಾಗಿದೆ. ಗ್ಲಾರ್ಜಿನ್ ಇನ್ಸುಲಿನ್ 1 ಯೂನಿಟ್, ದಿನಕ್ಕೆ ಎರಡು ಸಲ ಎಂದು ವೈದ್ಯರು ಬರೆದುಕೊಟ್ಟಿದ್ದಾರೆ. ಇಲ್ಲಿಯವರೆಗೆ ತಿಂದದ್ದು ಒಣ ಆಹಾರ ಮಾತ್ರ. ಸೂಜಿ ಹಾಕುವುದು, ಶುಗರ್ ನೋಡುವುದು, ಊಟ ಬದಲಿಸುವುದು ಹೇಗೆ? ಯಾವುದಕ್ಕೆ ಹೆದರಬೇಕು?

ಉತ್ತರ: ಮೊದಲು ಸಿರಿಂಜ್ ನೋಡಿ, ಉಳಿದದ್ದು ಆಮೇಲೆ. ಬೆಕ್ಕುಗಳಿಗೆ ಸಾಮಾನ್ಯವಾಗಿ ಕೊಡುವ ಗ್ಲಾರ್ಜಿನ್‌ನಲ್ಲಿ ಒಂದು ಮಿ.ಲೀ.ಗೆ 100 ಯೂನಿಟ್ ಇರುತ್ತದೆ. ಪ್ರಾಣಿಗಳಿಗೆಂದೇ ಬರುವ ಪ್ರೋಜಿಂಕ್, ಕ್ಯಾನಿನ್ಸುಲಿನ್‌ನಲ್ಲಿ 40. ಇವನ್ನೇ ಯು-100, ಯು-40 ಎನ್ನುವುದು. ಯು-100 ಇನ್ಸುಲಿನ್‌ಗೆ ಯು-100 ಸಿರಿಂಜೇ ಬೇಕು. ಯು-40 ಸಿರಿಂಜಿನಲ್ಲಿ ಎಳೆದರೆ 1 ಯೂನಿಟ್ ಗೆರೆಗೆ ಎರಡೂವರೆ ಯೂನಿಟ್ ಹೋಗುತ್ತದೆ, ಜೀವಕ್ಕೇ ಅಪಾಯ. ಅರ್ಧ ಯೂನಿಟ್ ಗೆರೆಯಿರುವ 0.3 ಮಿ.ಲೀ. ಸಿರಿಂಜ್ ಕೇಳಿ ತೆಗೆದುಕೊಳ್ಳಿ. ಮುಂದೆ ಡೋಸ್ ಬದಲಾಗುವುದು ಕಾಲು, ಅರ್ಧ ಯೂನಿಟ್ ಲೆಕ್ಕದಲ್ಲೇ.

ಇನ್ಸುಲಿನ್ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿರಲಿ. ಫ್ರೀಜರ್ ಪಕ್ಕದಲ್ಲಿ ಬೇಡ. ಒಮ್ಮೆ ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು. ಗ್ಲಾರ್ಜಿನ್ ನೀರಿನಂತೆ ತಿಳಿಯಾಗಿರುತ್ತದೆ, ಕುಲುಕಬೇಕಿಲ್ಲ. ಮಸುಕಾಗಿದ್ದರೆ ಎಸೆಯಿರಿ.

ಚುಚ್ಚುವ ಜಾಗ ಪಕ್ಕೆ ಅಥವಾ ಹೊಟ್ಟೆಯ ಬದಿ. ಕತ್ತಿನ ಹಿಂದಿನ ಸಡಿಲ ಚರ್ಮ ಸುಲಭವೆನಿಸಿದರೂ ಅಲ್ಲಿ ಔಷಧಿ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಚರ್ಮವನ್ನು ಎರಡು ಬೆರಳಿನಲ್ಲಿ ಗುಡಾರದ ಹಾಗೆ ಎತ್ತಿ, ಸೂಜಿಯನ್ನು ಮೈಗೆ ಸಮಾನಾಂತರವಾಗಿ ಬುಡಕ್ಕೆ ತೂರಿಸಿ ಒತ್ತಿ. ಆಮೇಲೆ ಕೂದಲು ಮುಟ್ಟಿ ನೋಡಿ. ಒದ್ದೆಯಾಗಿದ್ದರೆ ಸೂಜಿ ಆಚೆ ಬದಿಯಿಂದ ಹೊರಬಂದು ಔಷಧಿ ಕೂದಲಿಗೆ ಹೋಗಿದೆ ಎಂದರ್ಥ. ಆಗ ಮತ್ತೆ ಕೊಡಬೇಡಿ. ಎಷ್ಟು ಒಳಗೆ ಹೋಗಿದೆ ಎಂದು ತಿಳಿಯಲು ದಾರಿಯಿಲ್ಲ. ತಪ್ಪಿಹೋದ ಡೋಸಿಗೂ ಇದೇ ಮಾತು: ಮುಂದಿನ ಹೊತ್ತಿಗೆ ಕಾಯಿರಿ, ಎರಡನ್ನೂ ಸೇರಿಸಿ ಕೊಡಬೇಡಿ. ದಿನವೂ ಜಾಗ ಬದಲಿಸಿ, ಒಂದೇ ಕಡೆ ಚುಚ್ಚಿದರೆ ಗಂಟು ಕಟ್ಟುತ್ತದೆ.

ಉತ್ತರ: ಯಾವುದಕ್ಕೆ ಹೆದರಬೇಕು ಎಂದಿರಲ್ಲ, ಅದಕ್ಕೆ ಹೇಳುತ್ತೇನೆ. ಶುಗರ್ ಒಂದು ದಿನ 350 ಇದ್ದರೆ ಬೆಕ್ಕು ಸಾಯುವುದಿಲ್ಲ. ಕೆಲವೇ ಗಂಟೆ 40ಕ್ಕೆ ಇಳಿದರೆ ಸಾಯಬಹುದು. ಆದ್ದರಿಂದ ಊಟ ಮೊದಲು, ಸೂಜಿ ಆಮೇಲೆ. ತಿನ್ನದಿದ್ದರೆ, ವಾಂತಿಯಾಗಿದ್ದರೆ ಪೂರ್ತಿ ಡೋಸ್ ಕೊಡದೆ ವೈದ್ಯರಿಗೆ ಫೋನ್ ಮಾಡಿ. ಮೊದಲ ವಾರಗಳಲ್ಲಿ ಸೂಜಿಗೆ ಮುಂಚಿನ ಅಂಕಿ 200ಕ್ಕಿಂತ ಕಡಿಮೆ ಬಂದರೂ ಕೇಳಿಯೇ ಕೊಡಿ.

ಶುಗರ್ ಇಳಿದಾಗ ಬೆಕ್ಕು ತೂರಾಡುತ್ತದೆ, ಹಸಿದು ಕೂಗುತ್ತದೆ ಇಲ್ಲವೇ ಮಂಕಾಗಿ ಎತ್ತಲೋ ನೋಡುತ್ತ ಕೂರುತ್ತದೆ, ಮೈ ನಡುಗುತ್ತದೆ, ಕೊನೆಗೆ ಫಿಟ್ಸ್ ಬರುತ್ತದೆ. ಎಚ್ಚರವಿದ್ದು ತಿನ್ನುವಂತಿದ್ದರೆ ತಕ್ಷಣ ಊಟ ಕೊಡಿ. ತಿನ್ನದಿದ್ದರೆ ಜೇನುತುಪ್ಪ ಅಥವಾ ಗ್ಲೂಕೋಸ್ ನೀರನ್ನು ಒಸಡಿಗೆ ಸವರಿ, ಒಟ್ಟು ಒಂದು ಚಮಚದಷ್ಟು. ಫಿಟ್ಸ್ ಬಂದ ಬೆಕ್ಕಿನ ಬಾಯಿಗೆ ಏನನ್ನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ; ಬೆರಳನ್ನೂ ಒಳಗೆ ಹಾಕಬೇಡಿ. ಹದಿನೈದು ನಿಮಿಷಕ್ಕೊಮ್ಮೆ ಶುಗರ್ ನೋಡಿ. ಚೇತರಿಸಿಕೊಂಡ ಹಾಗೆ ಕಂಡರೂ ಆಸ್ಪತ್ರೆಗೆ ಒಯ್ಯಿರಿ. ಜೇನಿನ ಪ್ರಭಾವ ಬೇಗ ಮುಗಿಯುತ್ತದೆ, ಇನ್ಸುಲಿನ್ ಒಳಗೆ ಇನ್ನೂ ಕೆಲಸ ಮಾಡುತ್ತಿರುತ್ತದೆ.

ಪ್ರಶ್ನೆ ಕೇಳಿದವರು: ಕಿವಿಗೆ ಚುಚ್ಚಿದರೆ ರಕ್ತವೇ ಬರುತ್ತಿಲ್ಲ. ಮನುಷ್ಯರ ಮೀಟರ್ ಆಗುತ್ತದೆಯೇ?

ಉತ್ತರ: ಕಿವಿ ತಣ್ಣಗಿದ್ದರೆ ಬರುವುದಿಲ್ಲ. ಬೆಚ್ಚನೆಯ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಅರ್ಧ ನಿಮಿಷ ಕಿವಿಗೆ ಹಿಡಿಯಿರಿ. ಅಂಚಿನುದ್ದಕ್ಕೆ ಒಂದು ರಕ್ತನಾಳ ಕಾಣುತ್ತದೆ. ಅದಕ್ಕೂ ಕಿವಿಯ ಅಂಚಿಗೂ ನಡುವೆ ಚುಚ್ಚಿ, ರಕ್ತನಾಳಕ್ಕೇ ಬೇಡ. ಕಿವಿಯ ಹಿಂದೆ ಮಡಚಿದ ಹತ್ತಿ ಇಟ್ಟುಕೊಂಡರೆ ಕಿವಿ ಬಾಗುವುದಿಲ್ಲ, ನಿಮ್ಮ ಬೆರಳಿಗೂ ತಾಗುವುದಿಲ್ಲ. ವ್ಯಾಸಲೀನ್ ತೆಳುವಾಗಿ ಸವರಿದರೆ ರಕ್ತ ಕೂದಲಿಗೆ ಹರಡದೆ ಹನಿಯಾಗಿ ನಿಲ್ಲುತ್ತದೆ. ಆರಂಭದಲ್ಲಿ 26–28 ಗೇಜಿನ ದಪ್ಪ ಲ್ಯಾನ್ಸೆಟ್ (ರಕ್ತ ತೆಗೆಯಲು ಚುಚ್ಚುವ ಸೂಜಿ) ಒಳ್ಳೆಯದು. ಮುಗಿದ ಮೇಲೆ ಕಿವಿ ಒತ್ತಿ ಹಿಡಿದು ತಿನ್ನಲು ಏನಾದರೂ ಕೊಡಿ. ಕೆಲವೇ ದಿನಕ್ಕೆ ಅದು ತಾನಾಗಿಯೇ ಬಂದು ಕೂರುತ್ತದೆ.

ಮನುಷ್ಯರ ಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ಕಡಿಮೆ ತೋರಿಸುತ್ತದೆ. ಆಲ್ಫಾಟ್ರಾಕ್‌ನಂಥ ಪ್ರಾಣಿಗಳ ಮೀಟರ್ ಇದ್ದರೆ ಒಳಿತು, ಇಲ್ಲದಿದ್ದರೆ ಇದೂ ನಡೆಯುತ್ತದೆ. ಒಂದೇ ಮೀಟರ್ ಬಳಸಿ, ಯಾವುದೆಂದು ವೈದ್ಯರಿಗೆ ಹೇಳಿ. ಎರಡು ಮೀಟರಿನ ಅಂಕಿ ಬೆರೆಸಿದರೆ ಅಂಕಿ ಬರೆದಿಡುವ ಪುಸ್ತಕವೆಲ್ಲ ಗೊಂದಲ.

ಉತ್ತರ: ಅಂಕಿ ಬರೆದಿಡುವುದಕ್ಕಿಂತ ಅದನ್ನು ಓದುವುದು ಕಷ್ಟ. ಸೂಜಿಗೆ ಮುಂಚಿನ ಒಂದೇ ಅಂಕಿ ನೋಡಿ ಡೋಸ್ ಏರಿಸಬೇಡಿ. ಎರಡು ಗಂಟೆಗೊಮ್ಮೆಯಂತೆ 12 ಗಂಟೆ ನೋಡಿದರೆ ಅತಿ ಕೆಳಗೆ ಎಲ್ಲಿಗೆ ಇಳಿಯುತ್ತದೆ ಎಂಬುದು ಗೊತ್ತಾಗುತ್ತದೆ. ಆ ತಳ 80ರಿಂದ 150ರ ನಡುವೆ ಇದ್ದರೆ ಒಳ್ಳೆಯದು. ತಳವೇ ಕಡಿಮೆಯಿದ್ದೂ ಬೆಳಗ್ಗೆ 300 ಬರುತ್ತಿದ್ದರೆ ಡೋಸ್ ಏರಿಸುವುದು ಅಪಾಯ. ಗ್ಲಾರ್ಜಿನ್ ಮೈಯಲ್ಲಿ ನೆಲೆಗೊಳ್ಳಲು ದಿನಗಳು ಬೇಕು. ಶುಗರ್ ಇಳಿದಾಗ ತಕ್ಷಣ ಡೋಸ್ ತಗ್ಗಿಸಬೇಕಾದದ್ದು ಬೇರೆ, ಏರಿಸುವುದಾದರೆ ಐದಾರು ದಿನ ಕಾದು, ವೈದ್ಯರೊಂದಿಗೆ ಮಾತಾಡಿಯೇ.

ಆಸ್ಪತ್ರೆಯಲ್ಲಿ ತೆಗೆದ ಅಂಕಿಯನ್ನು ಹೆಚ್ಚು ನಂಬಬೇಡಿ. ಹೆದರಿದ ಬೆಕ್ಕಿಗೆ ಕಾಯಿಲೆಯೇ ಇಲ್ಲದಿದ್ದರೂ ಶುಗರ್ 300 ಮುಟ್ಟಬಹುದು. ಅದಕ್ಕೇ ಫ್ರುಕ್ಟೋಸಮೀನ್ ಪರೀಕ್ಷೆ. ಹಿಂದಿನ ಎರಡು ವಾರದ ಸರಾಸರಿಯನ್ನು ಅದು ಹೇಳುತ್ತದೆ. ಮನೆಯಲ್ಲಿ ನೀರನ್ನು ಅಳೆದು ಇಡಿ: ದಿನಕ್ಕೆ ಕೆ.ಜಿ.ಗೆ 100 ಮಿ.ಲೀ. ದಾಟಿದರೆ ಅದು ಅತಿಯೇ. ವಾರಕ್ಕೊಮ್ಮೆ ಮಗುವಿನ ತೂಕದ ಯಂತ್ರದಲ್ಲಿ ತೂಗಿ. ಮೂತ್ರದ ತಟ್ಟೆಯ ಮರಳಿನಲ್ಲಿ ಕಟ್ಟುವ ಉಂಡೆಗಳು ಚಿಕ್ಕದಾಗುತ್ತ ಬಂದರೆ ಶುಗರ್ ಹತೋಟಿಗೆ ಬರುತ್ತಿದೆ ಎಂದು ಮೀಟರ್ ಹೇಳುವ ಮುಂಚೆಯೇ ನಿಮಗೆ ಗೊತ್ತಾಗುತ್ತದೆ.

ಉತ್ತರ: ಊಟದ ವಿಷಯ. ಒಣ ಆಹಾರದಲ್ಲಿ ಪಿಷ್ಟ ಜಾಸ್ತಿ. ಹೆಚ್ಚು ಪ್ರೋಟೀನಿನ ಒದ್ದೆ ಆಹಾರಕ್ಕೆ ಬರಬೇಕು. ಡಬ್ಬಿಯ ಮೇಲಿನ ಪ್ರೋಟೀನ್, ಕೊಬ್ಬು, ನಾರು, ಬೂದಿ (ಖನಿಜಾಂಶ), ತೇವಾಂಶ ಇಷ್ಟನ್ನೂ ಕೂಡಿಸಿ 100ರಿಂದ ಕಳೆದರೆ ಉಳಿದದ್ದು ಹೆಚ್ಚುಕಡಿಮೆ ಪಿಷ್ಟ. ಆದರೆ ಇನ್ಸುಲಿನ್ ನಡೆಯುತ್ತಿರುವಾಗ ಒಮ್ಮೆಲೇ ಬದಲಿಸಬೇಡಿ. ಪಿಷ್ಟ ತಗ್ಗಿದೊಡನೆ ಅದೇ 1 ಯೂನಿಟ್ ಅತಿಯಾಗಬಹುದು. ಬದಲಿಸುವ ದಿನಗಳಲ್ಲಿ ಶುಗರ್ ಹೆಚ್ಚು ಸಲ ನೋಡಬೇಕು. ದಪ್ಪ ಬೆಕ್ಕಾದರೆ ವಾರಕ್ಕೆ ಮೈತೂಕದ ಶೇ. 0.5ರಿಂದ 1ರಷ್ಟು ಇಳಿದರೆ ಸಾಕು. ಉಪವಾಸ ಕೆಡವಿದರೆ ಪಿತ್ತಜನಕಾಂಗಕ್ಕೆ ಕೊಬ್ಬು ತುಂಬಿಕೊಳ್ಳುತ್ತದೆ. ಈ ವಯಸ್ಸಿಗೆ ಮೂತ್ರಪಿಂಡದ ತೊಂದರೆಯೂ ಇರಬಹುದು, ಹಾಗಿದ್ದರೆ ಯಾವ ಆಹಾರ ಎಂಬುದನ್ನು ರಕ್ತ ಪರೀಕ್ಷೆ ನೋಡಿ ವೈದ್ಯರೇ ಹೇಳಲಿ.

ಡೋಸ್ ಏರಿಸಿದರೂ ಶುಗರ್ ಇಳಿಯದಿದ್ದರೆ ಹಲ್ಲು, ಒಸಡು, ಮೂತ್ರದ ಸೋಂಕು, ಥೈರಾಯ್ಡ್ ನೋಡಿಸಿ. ಅಲರ್ಜಿಗೋ ಉಬ್ಬಸಕ್ಕೋ ಸ್ಟೀರಾಯ್ಡ್ ಕೊಡುತ್ತಿದ್ದರೆ ಅದೂ ಕಾರಣ. ಹಿಂಗಾಲು ಹಿಮ್ಮಡಿಯೂರಿ ನಡೆಯುತ್ತಿದ್ದರೆ ನರಗಳಿಗೆ ಪೆಟ್ಟಾಗಿದೆ. ಶುಗರ್ ಹತೋಟಿಗೆ ಬಂದ ಮೇಲೆ ತಿಂಗಳುಗಳಲ್ಲಿ ಬಹಳಷ್ಟು ಸರಿಯಾಗುತ್ತದೆ. ಒಂದು ಮಾತು ಧೈರ್ಯಕ್ಕೆ: ಬೇಗ ಶುರುಮಾಡಿ ಸರಿಯಾದ ಊಟ ಕೊಟ್ಟರೆ ಕೆಲವು ಬೆಕ್ಕುಗಳಿಗೆ ಇನ್ಸುಲಿನ್ನೇ ಬೇಡವಾಗುತ್ತದೆ. ಆಮೇಲೂ ಊಟ ಹಾಗೆಯೇ ಇರಲಿ, ಶುಗರ್ ಆಗಾಗ ನೋಡುತ್ತಿರಿ.

ಪ್ರಶ್ನೆ ಕೇಳಿದವರು: ಸೂಜಿಯ ಬದಲು ಬಾಯಿಗೆ ಕೊಡುವ ಔಷಧಿ ಬಂದಿದೆಯಂತಲ್ಲ?

ಉತ್ತರ: ಬಂದಿದೆ. ಬೆಕ್ಸಾಗ್ಲಿಫ್ಲೋಜಿನ್ ಮಾತ್ರೆಗೆ 2022ರಲ್ಲಿ, ವೆಲಾಗ್ಲಿಫ್ಲೋಜಿನ್ ದ್ರವಕ್ಕೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಔಷಧಿಗಳಿವು. ಅನುಮತಿ ಇರುವುದು ಹಿಂದೆ ಇನ್ಸುಲಿನ್ ತೆಗೆದುಕೊಳ್ಳದ, ಬೇರೆ ಕಾಯಿಲೆಯಿಲ್ಲದ ಬೆಕ್ಕಿಗೆ ಮಾತ್ರ. ಆದ್ದರಿಂದ ನೀವು ಇನ್ನೂ ಮೊದಲ ಸೂಜಿ ಹಾಕಿಲ್ಲವಾದರೆ ಈಗಲೇ ವೈದ್ಯರನ್ನು ಕೇಳಿ, ಹಾಕಿಯಾಗಿದ್ದರೆ ಅದರಲ್ಲೇ ಮುಂದುವರಿಯಿರಿ. ಈ ಔಷಧಿಯಲ್ಲಿ ಶುಗರ್ ಸರಿಯಿದ್ದೂ ರಕ್ತದಲ್ಲಿ ಕೀಟೋನ್ (ಮೈಯ ಕೊಬ್ಬು ಕರಗುವಾಗ ಹುಟ್ಟುವ, ಹೆಚ್ಚಾದರೆ ವಿಷವಾಗುವ ವಸ್ತು) ಏರಬಹುದು. ಅಲ್ಲಿ ಮೀಟರ್ ನಿಮಗೆ ಎಚ್ಚರಿಕೆ ಕೊಡುವುದಿಲ್ಲ. ಇನ್ಸುಲಿನ್ನಾಗಲಿ ಇದಾಗಲಿ, ಕೀಟೋನ್ ಸ್ಟ್ರಿಪ್ ಮನೆಯಲ್ಲಿರಲಿ. ಊಟ ಬಿಟ್ಟು, ವಾಂತಿ ಮಾಡಿ, ಮಂಕಾಗಿ ಮಲಗಿದ ಬೆಕ್ಕಿನ ಮೂತ್ರದಲ್ಲಿ ಸ್ಟ್ರಿಪ್ ಬಣ್ಣ ಬದಲಾಯಿಸಿದರೆ ಬೆಳಗಾಗುವವರೆಗೆ ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಹೊರಡಿ.