ಲ್ಯಾಂಬ್ಡಾ ಫಂಕ್ಷನ್‌ನಲ್ಲಿ ಜಿಪ್ ಬಿಚ್ಚುವಾಗ ಬರುವ ಎರರ್‌ಗಳು: ಅನುಭವವಿದ್ದವರು ತಿಳಿಸಿ

ಕೋರಿಕೆ

ನಮ್ಮ ಗ್ರಾಹಕರು ಸ್ಕ್ಯಾನ್ ಮಾಡಿದ ದಾಖಲೆಗಳನ್ನು ಜಿಪ್ ರೂಪದಲ್ಲಿ ಕಳಿಸುತ್ತಾರೆ. ಕೆಲವರು ನೇರವಾಗಿ ಎಸ್3 (ಅಮೆಜಾನ್ ಕ್ಲೌಡ್‌ನ ಫೈಲ್ ಸಂಗ್ರಹ ಸೇವೆ) ಬಕೆಟ್‌ಗೆ ಅಪ್‌ಲೋಡ್ ಮಾಡಿದರೆ, ಉಳಿದವರು ಎಪಿಐ ಗೇಟ್‌ವೇ (ವೆಬ್ ಕೋರಿಕೆಗಳನ್ನು ಒಳಗೆ ದಾಟಿಸುವ ಅಮೆಜಾನ್ ಸೇವೆ) ಹಿಂದಿರುವ ವೆಬ್ ಫಾರ್ಮ್ ಬಳಸುತ್ತಾರೆ. ಪೈಥಾನ್‌ನಲ್ಲಿ ಬರೆದ ಲ್ಯಾಂಬ್ಡಾ ಫಂಕ್ಷನ್ (ಸರ್ವರ್ ನಿರ್ವಹಿಸದೆ ಅಮೆಜಾನ್ ಕ್ಲೌಡ್‌ನಲ್ಲಿ ಓಡಿಸುವ ಕೋಡ್) ಅವನ್ನು ಎಕ್ಸ್‌ಟ್ರಾಕ್ಟ್ ಮಾಡಬೇಕು. ಒಂದಷ್ಟು ಫೈಲುಗಳು ಸರಾಗವಾಗಿ ಬಿಚ್ಚಿಕೊಂಡ ಮೇಲೆ ಇದ್ದಕ್ಕಿದ್ದಂತೆ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಎಂದು ಕೆಲಸ ನಿಲ್ಲುತ್ತದೆ. ಇನ್ನು ಕೆಲವು ಸಲ ‘ಫೈಲ್ ಈಸ್ ನಾಟ್ ಎ ಜಿಪ್ ಫೈಲ್’ ಎಂಬ ಎರರ್ ಬರುತ್ತದೆ; ಗ್ರಾಹಕರ ಬಳಿಯಿರುವ ಮೂಲ ಪ್ರತಿ ಮಾತ್ರ ಚೆನ್ನಾಗಿಯೇ ತೆರೆಯುತ್ತದೆ. ಎಲ್ಲಿಂದ ಹುಡುಕಲು ತೊಡಗಬೇಕು?

ಮೊದಲ ಉತ್ತರ

ಇವು ಎರಡು ಬೇರೆ ಬೇರೆ ಸಮಸ್ಯೆಗಳು. ನಾನು ಜಾಗದ ವಿಷಯವನ್ನಷ್ಟೇ ಹೇಳುತ್ತೇನೆ.

ಲ್ಯಾಂಬ್ಡಾದಲ್ಲಿ ಬರೆಯಲು ಸಿಗುವ ಸ್ಥಳೀಯ ಜಾಗ ಟಿಎಂಪಿ ಎಂಬ ತಾತ್ಕಾಲಿಕ ಫೋಲ್ಡರ್ ಒಂದೇ, ಅದೂ ನೀವಾಗಿ ಹೆಚ್ಚಿಸದಿದ್ದರೆ 512 ಎಂಬಿ. ಸ್ಕ್ಯಾನ್ ಚಿತ್ರಗಳು ಮೊದಲೇ ಕುಗ್ಗಿಸಿದವಾದ್ದರಿಂದ ಜಿಪ್ ಮಾಡಿದರೂ ಗಾತ್ರ ಹೆಚ್ಚೇನೂ ಇಳಿಯುವುದಿಲ್ಲ. ಹೀಗಾಗಿ 260 ಎಂಬಿಯ ಜಿಪ್ ಮತ್ತು ಅದರೊಳಗಿನ ಫೈಲುಗಳು ಒಟ್ಟಿಗೆ ಅಲ್ಲಿ ಹಿಡಿಸುವುದೇ ಇಲ್ಲ. ಆದರೆ ಮೊದಲು ನಡೆದು ಆಮೇಲೆ ನಿಲ್ಲುತ್ತದೆ ಎಂದು ನೀವು ಬರೆದಿರುವುದು ಹಳೆಯ ಕಸದ ಲಕ್ಷಣ. ಒಂದು ಕರೆ (ಫಂಕ್ಷನ್‌ನ ಒಂದು ಓಟ) ಮುಗಿದ ಮೇಲೆ ಅದೇ ಪರಿಸರವನ್ನು ಮುಂದಿನ ಕರೆಗೂ ಬಳಸಬಹುದಾದ್ದರಿಂದ, ಹಿಂದಿನ ಫೈಲುಗಳು ಹಾಗೆಯೇ ಉಳಿದಿರುತ್ತವೆ. ಕೊನೆಯಲ್ಲಿ ಅಳಿಸುವ ಕೋಡ್ ಇದ್ದರೂ ಸಾಲದು, ಏಕೆಂದರೆ ಟೈಮ್‌ಔಟ್ ಆದಾಗ (ನಿಗದಿತ ಸಮಯ ಮೀರಿ ಓಟ ನಿಂತಾಗ) ಆ ಸಾಲುಗಳು ಓಡುವುದೇ ಇಲ್ಲ, ಮತ್ತೆ ಆರಂಭವಾಗುವ ಮುನ್ನ ಲ್ಯಾಂಬ್ಡಾ ಕೂಡ ಟಿಎಂಪಿಯನ್ನು ತೆರವುಗೊಳಿಸುವುದಿಲ್ಲ. ಆದ್ದರಿಂದ ಪ್ರತಿ ಕರೆಗೂ ಓಡುವ ಮುಖ್ಯ ಕೋಡ್ ಆದ ಹ್ಯಾಂಡ್ಲರ್‌ನ ಮೊದಲ ಕೆಲಸವೇ ಗುಡಿಸುವುದಾಗಿರಲಿ.

2022ರಿಂದ ಈ ಜಾಗವನ್ನು 10,240 ಎಂಬಿವರೆಗೆ ಹೆಚ್ಚಿಸಿಕೊಳ್ಳಬಹುದು, ಹೆಚ್ಚುವರಿಗೆ ಶುಲ್ಕವಿದೆ. ನನಗಂತೂ ಒಳಗಿನ ಒಂದೊಂದೇ ಫೈಲನ್ನು ಓದಿ ನೇರವಾಗಿ ಎಸ್3ಗೆ ಬರೆಯುವುದು ಮೇಲೆನಿಸುತ್ತದೆ. ಇಂಥದ್ದೇ ಸೇವೆಯಾದ ಗೂಗಲ್‌ನ ಕ್ಲೌಡ್ ರನ್ ಫಂಕ್ಷನ್ಸ್‌ನಲ್ಲಿ (ಹಿಂದಿನ ಹೆಸರು ಕ್ಲೌಡ್ ಫಂಕ್ಷನ್ಸ್) ಟಿಎಂಪಿಯಲ್ಲಿ ಬರೆದದ್ದೆಲ್ಲ ಮೆಮೊರಿಯ ಲೆಕ್ಕಕ್ಕೇ ಸೇರುತ್ತದೆ, ಅಲ್ಲಿಗೆ ಹೋಗುವ ಯೋಚನೆಯಿದ್ದರೆ ಗಮನದಲ್ಲಿರಲಿ.

ಎರಡನೆಯ ಉತ್ತರ

ಎರಡನೆಯ ಎರರ್‌ಗೆ ಎಕ್ಸ್‌ಟ್ರಾಕ್ಟ್ ಮಾಡುವ ಕೋಡನ್ನು ಸದ್ಯ ಮುಟ್ಟಬೇಡಿ. ಕೈಗೆ ಬಂದ ಫೈಲಿನ ಗಾತ್ರವನ್ನೂ ಮೊದಲ ಕೆಲವು ಬೈಟ್‌ಗಳನ್ನೂ ಲಾಗ್‌ಗೆ ಬರೆಸಿ. ಸಾಮಾನ್ಯ ಜಿಪ್ ಫೈಲು 50 4ಬಿ 03 04 ಎಂದು ಆರಂಭವಾಗುತ್ತದೆ; ಮೊದಲೆರಡು ‘ಪಿ’, ‘ಕೆ’ ಅಕ್ಷರಗಳು, ಅಂದರೆ ಈ ಸ್ವರೂಪವನ್ನು ರೂಪಿಸಿದ ಫಿಲ್ ಕಾಟ್ಜ್ ಅವರ ಇನಿಷಿಯಲ್ಸ್. ಅದರ ಬದಲು ‘ಯುಇಎಸ್’ ಎಂಬ ಅಕ್ಷರಗಳು ಕಂಡರೆ ಬೇಸ್64 (ಬೈಟ್‌ಗಳನ್ನು ಸಾದಾ ಅಕ್ಷರಗಳಾಗಿ ಬರೆಯುವ ವಿಧಾನ) ಇನ್ನೂ ಬಿಡಿಸಿಲ್ಲ ಎಂದರ್ಥ. ‘ಆರ್‌ಎಆರ್’ ಎಂದಿದ್ದರೆ ಅದು ಬೇರೆಯೇ ಸ್ವರೂಪದ ಫೈಲು, ಯಾರೋ ಹೆಸರನ್ನಷ್ಟೇ ಜಿಪ್ ಎಂದು ಬದಲಿಸಿ ಕಳಿಸಿದ್ದಾರೆ.

ಆರಂಭ ಸರಿಯಿದ್ದು ಗಾತ್ರ ಮೂಲಕ್ಕಿಂತ ಕಡಿಮೆಯಿದ್ದರೆ ಅಪ್‌ಲೋಡ್ ಅರ್ಧಕ್ಕೇ ನಿಂತಿರಬೇಕು: ಜಿಪ್‌ನ ಸೂಚಿ ಇರುವುದು ಫೈಲಿನ ಕೊನೆಯಲ್ಲಿ, ಬಾಲ ತುಂಡಾದರೆ ಪೈಥಾನ್ ಅದನ್ನು ಜಿಪ್ ಎಂದೇ ಒಪ್ಪುವುದಿಲ್ಲ. ಗಾತ್ರ ಮೂಲಕ್ಕಿಂತ ಹೆಚ್ಚಾಗಿದ್ದು, ನಡುನಡುವೆ ಇಎಫ್ ಬಿಎಫ್ ಬಿಡಿ ಎಂಬ ಮೂರು ಬೈಟ್‌ಗಳು ಮತ್ತೆ ಮತ್ತೆ ಕಾಣಿಸಿದರೆ, ದಾರಿಯಲ್ಲಿ ಯಾವುದೋ ಹಂತ ಬೈನರಿಯನ್ನು (ಪಠ್ಯವಲ್ಲದ ಕಚ್ಚಾ ಬೈಟ್‌ಗಳನ್ನು) ಯುಟಿಎಫ್-8 ಎಂಬ ಅಕ್ಷರ ಸಂಕೇತದ ಪಠ್ಯವೆಂದು ಓದಿದೆ. ಆ ಪ್ರತಿಯನ್ನು ಸರಿಪಡಿಸಲಾಗದು. ಗೇಟ್‌ವೇಯಲ್ಲಿ ಬೈನರಿ ಮೀಡಿಯಾ ಟೈಪ್ (ಯಾವ ಬಗೆಯ ಫೈಲನ್ನು ಪಠ್ಯವೆಂದು ಓದಬಾರದು ಎಂಬ ಸೆಟ್ಟಿಂಗ್) ನಮೂದಿಸಿ ಮತ್ತೆ ಕಳಿಸಲು ಕೇಳಬೇಕು. ವಿಫಲವಾದವೆಲ್ಲ ವೆಬ್ ಫಾರ್ಮ್‌ನಿಂದ ಬಂದವೇ ಎಂದು ನೋಡಿ, ನನ್ನ ಅನುಮಾನ ಅಲ್ಲೇ.

ಮೂರನೆಯ ಉತ್ತರ

ಮೇಲಿನ ಇಬ್ಬರ ಮಾತಿಗೆ ಸಣ್ಣ ಸೇರ್ಪಡೆ. ಫೈಲಿನ ಹೆಸರಿನಲ್ಲಿ ಖಾಲಿ ಜಾಗ ಅಥವಾ ಕನ್ನಡ ಅಕ್ಷರಗಳಿದ್ದರೆ ಎಸ್3 ಕಳಿಸುವ ಸೂಚನೆಯಲ್ಲಿ ಅದು ಯುಆರ್‌ಎಲ್ ರೂಪಕ್ಕೆ ಬದಲಾಗಿರುತ್ತದೆ, ಪೈಥಾನ್‌ನ ‘ಅನ್‌ಕೋಟ್ ಪ್ಲಸ್’ ಫಂಕ್ಷನ್ ಮೂಲಕ ಬಿಡಿಸಿಕೊಳ್ಳದಿದ್ದರೆ ‘ನೋ ಸಚ್ ಕೀ’ (ಆ ಹೆಸರಿನ ಫೈಲಿಲ್ಲ) ಎಂಬ ಎರರ್ ಎದುರಾಗುತ್ತದೆ. ಜಿಪ್‌ನ ಒಳಗಿನ ಕನ್ನಡ ಹೆಸರುಗಳು ವಿಚಿತ್ರ ಚಿಹ್ನೆಗಳಾಗಿ ಕಂಡರೆ ಪೈಥಾನ್ 3.11ರಿಂದ ಲಭ್ಯವಿರುವ, ಜಿಪ್ ತೆರೆಯುವಾಗ ಕೊಡುವ ‘ಮೆಟಾಡೇಟಾ ಎನ್‌ಕೋಡಿಂಗ್’ ಆಯ್ಕೆಗೆ ಯುಟಿಎಫ್-8 ಕೊಟ್ಟು ನೋಡಿ.