ಕಡಿಮೆ ಖರ್ಚಿನ ಆರೋಗ್ಯಕರ ಊಟದ ಪ್ಲ್ಯಾನ್ ಆ್ಯಪ್: ಈ ಐಡಿಯಾ ನಿಲ್ಲುತ್ತಾ?

ಪ್ರಶ್ನೆ

ನಮಸ್ಕಾರ ಮೇಡಂ. ನಾನು ಎಂಟು ವರ್ಷದಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಮನೆಯಲ್ಲಿ ನಾವು ನಾಲ್ಕು ಜನ. ದಿನಸಿ, ತರಕಾರಿ ಖರ್ಚು ಪ್ರತಿ ತಿಂಗಳೂ ಕೈ ಮೀರುತ್ತಿತ್ತು. ತಂದದ್ದರಲ್ಲಿ ಒಂದಷ್ಟು ಕೊಳೆತು ಕಸದ ಬುಟ್ಟಿಗೆ ಹೋಗುತ್ತಿತ್ತು. ಬೇಸತ್ತು ನಾನೇ ಒಂದು ಸ್ಪ್ರೆಡ್‌ಶೀಟ್ ಮಾಡಿಕೊಂಡೆ. ವಾರದ ಬಜೆಟ್ ಎಷ್ಟು, ಊಟಕ್ಕೆ ಎಷ್ಟು ಜನ, ಯಾರಿಗೆ ಏನು ಆಗುವುದಿಲ್ಲ ಅಂತ ತುಂಬಿಸಿದರೆ ಏಳು ದಿನದ ಅಡುಗೆ ಪಟ್ಟಿ ಮತ್ತು ಖರೀದಿ ಪಟ್ಟಿ ಬರುತ್ತದೆ. ನಮ್ಮ ಖರ್ಚು ನಿಜವಾಗಿಯೂ ಇಳಿಯಿತು.

ಇದನ್ನೇ ಆ್ಯಪ್ ಮಾಡಬೇಕು ಅಂದುಕೊಂಡಿದ್ದೇನೆ. ಮೊದಲು ಉಚಿತ, ಆಮೇಲೆ ತಿಂಗಳ ಚಂದಾ. 30 ಜನ ಪರಿಚಯದವರನ್ನು ಕೇಳಿದೆ. 26 ಜನ "ಚೆನ್ನಾಗಿದೆ, ಖಂಡಿತ ಬಳಸ್ತೀವಿ" ಅಂದರು. ಕೆಲಸ ಬಿಟ್ಟು ಆರು ತಿಂಗಳು ಇದಕ್ಕೇ ಕೂರಲಾ? ನೇರವಾಗಿ ಹೇಳಿ, ಬೇಜಾರು ಮಾಡಿಕೊಳ್ಳುವುದಿಲ್ಲ.

ಉತ್ತರ (ಹೊಸ ಉದ್ಯಮಗಳಿಗೆ ಸಲಹೆ ಕೊಡುವವರು)

ಕೆಲಸ ಬಿಡಬೇಡಿ. ಐಡಿಯಾ ಕೆಟ್ಟದ್ದು ಅಂತ ಹೀಗೆ ಹೇಳುತ್ತಿಲ್ಲ. ಕೆಲಸ ಬಿಟ್ಟು ಆ್ಯಪ್ ಬರೆಯಲು ಕೂತರೆ ನೀವು ತಿಳಿಯಬೇಕಾದ ವಿಷಯ ಕೊನೆಗೆ ತಿಳಿಯುತ್ತದೆ, ಅದಕ್ಕೆ.

ಮೊದಲು ಆ 26 ಜನರ ವಿಷಯ. ಪರಿಚಯದವರು ನಿಮ್ಮ ಮುಖ ನೋಡಿ ಉತ್ತರ ಕೊಡುತ್ತಾರೆ. ಆರೋಗ್ಯವೂ ಬೇಕು, ಖರ್ಚೂ ಕಡಿಮೆಯಾಗಬೇಕು ಅನ್ನುವುದಕ್ಕೆ "ಬೇಡ" ಅನ್ನುವವರು ಯಾರಿದ್ದಾರೆ? ನಾನಾಗಿದ್ದರೆ "ಬಳಸ್ತೀರಾ?" ಅಂತ ಕೇಳುತ್ತಿರಲಿಲ್ಲ. "ಹೋದ ವಾರ ಏನೇನು ಅಡುಗೆ ಮಾಡಿದಿರಿ? ಏನು ಕೊಳ್ಳಬೇಕು ಅಂತ ಹೇಗೆ ತೀರ್ಮಾನ ಮಾಡಿದಿರಿ? ಏನು ಎಸೆದಿರಿ? ಹಿಂದೆ ಇಂಥ ಆ್ಯಪ್ ಹಾಕಿಕೊಂಡಿದ್ದರೆ ಯಾವಾಗ ತೆಗೆದಿರಿ?" ಅಂತ ಕೇಳುತ್ತಿದ್ದೆ. ಆಗಿಹೋದ ವಾರದ ಬಗ್ಗೆ ಜನ ಸಾಮಾನ್ಯವಾಗಿ ನಿಜ ಹೇಳುತ್ತಾರೆ. ಮುಂದಿನ ವಾರದ ಬಗ್ಗೆ ಆಸೆ ಹೇಳುತ್ತಾರೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕಡಿಮೆ ಖರ್ಚಿನಲ್ಲಿ ಪೌಷ್ಟಿಕ ಊಟ ಅನ್ನುವ ಲೆಕ್ಕ ಹೊಸದಲ್ಲ. ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1945ರಲ್ಲಿ ಇದನ್ನೇ ಹಿಡಿದು ಕೂತಿದ್ದರು. 77 ಆಹಾರ ಪದಾರ್ಥ, 9 ಪೋಷಕಾಂಶ, 1939ರ ಅಮೆರಿಕದ ಬೆಲೆಗಳು. ಒಬ್ಬ ಮನುಷ್ಯನಿಗೆ ಇಡೀ ವರ್ಷಕ್ಕೆ 39.93 ಡಾಲರ್ ಸಾಕು ಅಂತ ಅವರ ಅಂದಾಜು ಬಂತು. 1947ರಲ್ಲಿ ಗಣಿತಜ್ಞ ಜಾರ್ಜ್ ಡಾಂಟ್ಜಿಗ್ ಅವರ ಹೊಸ ಗಣಿತ ವಿಧಾನವನ್ನು ಇದೇ ಲೆಕ್ಕದ ಮೇಲೆ ಪರೀಕ್ಷಿಸಲಾಯಿತು. ಒಂಬತ್ತು ಜನ ಕೈಯಿಂದ ನಡೆಸುವ ಲೆಕ್ಕದ ಯಂತ್ರಗಳಲ್ಲಿ ಮಾಡಿದ ಕೆಲಸ ಅದು. ಒಬ್ಬರೇ ಮಾಡಿದ್ದರೆ ಸುಮಾರು 120 ದಿನ ಬೇಕಿತ್ತು. ಉತ್ತರ 39.69 ಡಾಲರ್. ಸ್ಟಿಗ್ಲರ್ ಅಂದಾಜಿಗೂ ಅದಕ್ಕೂ ಇದ್ದ ವ್ಯತ್ಯಾಸ ಬರೀ 24 ಸೆಂಟ್.

ಲೆಕ್ಕವೇನೋ ಸರಿ. ಊಟ? ಸ್ಟಿಗ್ಲರ್ ಪಟ್ಟಿಯಲ್ಲಿ ಉಳಿದದ್ದು ಗೋಧಿ ಹಿಟ್ಟು, ಡಬ್ಬಿ ಹಾಲು, ಎಲೆಕೋಸು, ಪಾಲಕ್, ಒಣ ಬೀನ್ಸ್ ಕಾಳು, ಅಷ್ಟೇ. ವರ್ಷವಿಡೀ ಅದನ್ನೇ ತಿನ್ನಿ ಅಂತ ಅವರೂ ಯಾರಿಗೂ ಹೇಳಲಿಲ್ಲ. ಆಮೇಲೆ ಡಾಂಟ್ಜಿಗ್ ತಮ್ಮ ತೂಕ ಇಳಿಸಲು ಇದೇ ವಿಧಾನ ಬಳಸಿದಾಗ ಕಂಪ್ಯೂಟರ್ ದಿನಕ್ಕೆ 500 ಗ್ಯಾಲನ್ ವಿನೆಗರ್ ಕುಡಿಯಿರಿ ಅಂದಿತ್ತು. ವಿನೆಗರ್ ಇಷ್ಟಕ್ಕಿಂತ ಹೆಚ್ಚು ಬೇಡ ಅಂತ ಅದಕ್ಕೆ ಯಾರೂ ಹೇಳಿರಲಿಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ನೀವು ಆರು ತಿಂಗಳು ಕೂತು ಬರೆಯಬೇಕೆಂದಿರುವುದು ಆ ಲೆಕ್ಕವನ್ನೇ. ಅದು ಬಹಳ ಹಿಂದೆಯೇ ಬಗೆಹರಿದಿದೆ. ಬಗೆಹರಿಯದೆ ಉಳಿದಿರುವುದು ಬುಧವಾರ ಸಂಜೆ. ಕೆಲಸ ಮುಗಿಸಿ ಸುಸ್ತಾಗಿ ಮನೆಗೆ ಬಂದಿರುತ್ತಾರೆ. ಪ್ಲ್ಯಾನ್‌ನಲ್ಲಿ ಒಂದು ಅಡುಗೆ ಇದೆ, ಅದಕ್ಕೆ 50 ನಿಮಿಷ ಬೇಕು, ಒಂದು ಸಾಮಾನು ಖಾಲಿಯಾಗಿದೆ, ಮಗು ಅದನ್ನು ತಿನ್ನುವುದಿಲ್ಲ ಅಂತ ಹಟ ಹಿಡಿದಿದೆ. ಹೊರಗಿನಿಂದ ತರಿಸುತ್ತಾರೆ. ಆ ಒಂದು ಊಟ ವಾರದ ಉಳಿತಾಯವನ್ನೆಲ್ಲ ನುಂಗುತ್ತದೆ. ಮೇಲಾಗಿ ಬುಧವಾರಕ್ಕೆಂದು ತಂದ ತರಕಾರಿ ಶನಿವಾರ ಬಾಡುತ್ತದೆ.

ನಾನು ಹಿಂದೆ ಇಂಥದ್ದೇ ಒಂದು ತಂಡದ ಜೊತೆ ಕೆಲಸ ಮಾಡಿದ್ದೆ. ಪ್ಲ್ಯಾನ್ ತುಂಬಾ ಚೆನ್ನಾಗಿತ್ತು. ಭಾನುವಾರ ಎಲ್ಲರೂ ತೆರೆದು ನೋಡುತ್ತಿದ್ದರು. ವಾರದ ಮಧ್ಯೆ ಯಾರೂ ತೆರೆಯುತ್ತಿರಲಿಲ್ಲ. ಜನಕ್ಕೆ ಶಿಸ್ತು ಇಲ್ಲ ಅಂದುಕೊಂಡು ನಾವು ನೆನಪಿನ ಮೆಸೇಜ್ ಜಾಸ್ತಿ ಮಾಡಿದೆವು. ಅದು ನಮ್ಮ ತಪ್ಪು. ಬುಧವಾರ ತಪ್ಪಿದರೆ ಗುರುವಾರಕ್ಕೆ ಪ್ಲ್ಯಾನನ್ನು ತಾನಾಗಿ ಹೊಂದಿಸಿಕೊಡುವ ಕೆಲಸ ಮಾಡಬೇಕಿತ್ತು.

ಮರುಪ್ರಶ್ನೆ

ಅರ್ಥವಾಯಿತು ಮೇಡಂ. ಆದರೆ ಈ ಮಾರುಕಟ್ಟೆಯಲ್ಲಿ ಆಗಲೇ ತುಂಬಾ ಆ್ಯಪ್ ಇವೆ. ಜೊತೆಗೆ ಈಗ ಎಐ ಚಾಟ್‌ಬಾಟ್ ಕೇಳಿದರೆ ಉಚಿತವಾಗಿ ವಾರದ ಪ್ಲ್ಯಾನ್ ಬರೆದು ಕೊಡುತ್ತದೆ. ಹಾಗಾದರೆ ಜಾಗವೇ ಇಲ್ವಾ?

ಉತ್ತರ

ಪ್ಲ್ಯಾನ್ ಮಾತ್ರ ಮಾರುವವರಿಗೆ ಜಾಗ ಕಡಿಮೆ, ನಿಜ. ಮೀಲೈಮ್, ಈಟ್ ದಿಸ್ ಮಚ್, ಪ್ಲ್ಯಾನ್ ಟು ಈಟ್ ಅನ್ನುವ ಆ್ಯಪ್‌ಗಳು ವರ್ಷಗಳಿಂದ ಇವೆ. ದೊಡ್ಡವರ ಬೆಂಬಲ ಇದ್ದರೂ ಉಳಿಯುತ್ತಾರೆ ಅಂತಿಲ್ಲ. ಯಮ್ಲಿ ಅನ್ನುವ ಅಡುಗೆ ಆ್ಯಪನ್ನು 2017ರಲ್ಲಿ ಗೃಹೋಪಯೋಗಿ ಯಂತ್ರಗಳ ಕಂಪನಿ ವರ್ಲ್‌ಪೂಲ್ ಕೊಂಡಿತ್ತು, 2024ರ ಕೊನೆಗೆ ಅದು ಮುಚ್ಚಿತು. ಹಾಗಂತ ಹೆದರಿ ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಇವುಗಳಲ್ಲಿ ಈಗಲೂ ಇರುವ ಆ್ಯಪ್‌ಗಳನ್ನು ಇಳಿಸಿಕೊಂಡು ಒಂದೊಂದನ್ನೂ ಎರಡು ವಾರ ನಿಮ್ಮ ಮನೆಯಲ್ಲೇ ನಡೆಸಿ. ಅವುಗಳಿಗೆ ಕಡಿಮೆ ಅಂಕ ಕೊಟ್ಟವರ ಅಭಿಪ್ರಾಯಗಳನ್ನೂ ಓದಿ. ಎಲ್ಲಿ ಕೈ ಬಿಟ್ಟಿರಿ ಅಂತ ದಿನ, ಸಮಯ ಸಮೇತ ಬರೆದಿಡಿ.

ಚಾಟ್‌ಬಾಟ್ ಪ್ಲ್ಯಾನ್ ಕೊಡುತ್ತದೆ. ಆದರೆ ನಿಮ್ಮ ಫ್ರಿಜ್‌ನಲ್ಲಿ ಅರ್ಧ ಉಳಿದಿರುವ ಕೋಸು ಅದಕ್ಕೆ ಕಾಣುವುದಿಲ್ಲ. ನೀವು ಕೊಳ್ಳುವ ಅಂಗಡಿಯ ಇವತ್ತಿನ ಬೆಲೆಯೂ, ಹೋದ ವಾರ ನೀವು ಬೇಯಿಸದೆ ಬಿಟ್ಟದ್ದೂ ಅದಕ್ಕೆ ತಾನಾಗಿ ತಿಳಿದಿರುವುದಿಲ್ಲ. ನಿಮಗೆ ಜಾಗ ಇದ್ದರೆ ಅಲ್ಲೇ. ಆದರೆ ಬೆಲೆ ತುಂಬಾ ಹಟಮಾರಿ ವಿಷಯ. ಊರಿಂದ ಊರಿಗೆ, ವಾರದಿಂದ ವಾರಕ್ಕೆ ಬದಲಾಗುತ್ತದೆ. ಆ್ಯಪ್ ಹೇಳಿದ ಮೊತ್ತಕ್ಕೂ ಕೈಗೆ ಬಂದ ಬಿಲ್ಲಿಗೂ ಎರಡು ಸಲ ತಾಳೆಯಾಗದಿದ್ದರೆ "ಬಜೆಟ್" ಅನ್ನುವ ಮಾತನ್ನೇ ಜನ ನಂಬುವುದಿಲ್ಲ. ಎಲ್ಲ ಕಡೆಯ ಬೆಲೆ ಹುಡುಕಲು ಹೋಗಬೇಡಿ. ಬಳಸುವವರ ಬಿಲ್ಲಿನ ಫೋಟೋದಿಂದಲೇ ಅವರವರ ಬೆಲೆ ಕಲಿಯುವುದು ನಿಧಾನದ ದಾರಿ, ಆದರೆ ನಂಬಬಹುದಾದ ದಾರಿ.

ಪರೀಕ್ಷೆ ಮಾಡುವುದು ಹೇಗೆ ಅನ್ನುವುದಕ್ಕೆ ನಿಮ್ಮದೇ ಕ್ಷೇತ್ರದ ಒಂದು ಉದಾಹರಣೆ ಇದೆ. ಫುಡ್ ಆನ್ ದ ಟೇಬಲ್ ಅನ್ನುವ ಕಂಪನಿ ಅಮೆರಿಕದ ಆಸ್ಟಿನ್‌ನಲ್ಲಿ ಶುರುವಾಯಿತು. ಮನೆಯವರ ರುಚಿ, ಅಂಗಡಿಯ ರಿಯಾಯಿತಿ ಎರಡನ್ನೂ ನೋಡಿ ಅಡುಗೆ ಪಟ್ಟಿ ಕೊಡುವುದು ಅವರ ಯೋಜನೆ. ಮುಖ್ಯಸ್ಥ ಮ್ಯಾನುಯೆಲ್ ರೊಸ್ಸೊ ಮೊದಲು ಸಾಫ್ಟ್‌ವೇರ್ ಬರೆಸಲಿಲ್ಲ. ಒಬ್ಬರೇ ಒಬ್ಬ ಗ್ರಾಹಕಿಯನ್ನು ಹುಡುಕಿಕೊಂಡರು. ಪ್ರತಿ ವಾರ ಅವರ ಹತ್ತಿರ ಹೋಗಿ, ಕೈಯಲ್ಲೇ ತಯಾರಿಸಿದ ಪಟ್ಟಿ ಕೊಟ್ಟು, ಏನು ಬದಲಾಗಬೇಕು ಅಂತ ಕೇಳಿ, ಶುಲ್ಕದ ಚೆಕ್ ತೆಗೆದುಕೊಂಡು ಬರುತ್ತಿದ್ದರು. ಗ್ರಾಹಕರು ಹೆಚ್ಚಾಗಿ ಕೈಕೆಲಸ ತಾಳಲಾರದೆ ಹೋದಾಗ ಒಂದೊಂದೇ ಭಾಗವನ್ನು ಸಾಫ್ಟ್‌ವೇರ್‌ಗೆ ತಂದರು. 2014ರಲ್ಲಿ ಟಿವಿ ವಾಹಿನಿಗಳ ಕಂಪನಿ ಸ್ಕ್ರಿಪ್ಸ್ ನೆಟ್‌ವರ್ಕ್ಸ್ ಆ ಕಂಪನಿಯನ್ನು ಕೊಂಡಿತು.

ನೀವೂ ಹೀಗೇ ಮಾಡಿ. ಹತ್ತು ಮನೆ, ಆರು ವಾರ. ಪರಿಚಯದವರು ಬೇಡ. ಮೊದಲ ಎರಡು ವಾರ ಏನೂ ಸಲಹೆ ಕೊಡದೆ ಅವರ ಬಿಲ್ಲುಗಳನ್ನು ಮಾತ್ರ ಕೂಡಿಸಿ, ಹೊರಗಿನಿಂದ ತರಿಸಿದ ಊಟದ ಖರ್ಚೂ ಅದರಲ್ಲಿ ಸೇರಲಿ. ಆಮೇಲೆ ನಾಲ್ಕು ವಾರ ನಿಮ್ಮ ಸ್ಪ್ರೆಡ್‌ಶೀಟಿನ ಪ್ಲ್ಯಾನ್ ಕಳಿಸಿ. ಕೊಟ್ಟದ್ದರಲ್ಲಿ ಎಷ್ಟು ಊಟ ನಿಜವಾಗಿ ಬೇಯಿತು, ಒಟ್ಟು ಬಿಲ್ ಎಷ್ಟು ಇಳಿಯಿತು, ಎರಡನ್ನೇ ನೋಡಿ. ಮೊದಲ ಪ್ಲ್ಯಾನ್ ಕಳಿಸುವಾಗಲೇ ಹಣ ಕೇಳಿ, ಸಣ್ಣ ಮೊತ್ತವಾದರೂ ಸರಿ. ಹಣ ಕೊಟ್ಟವರು ತಪ್ಪನ್ನು ಎತ್ತಿ ಹೇಳುತ್ತಾರೆ, ಸುಮ್ನೆ ಹೊಗಳುವುದಿಲ್ಲ.

ಗುಂಪಿನ ಇನ್ನೊಬ್ಬರು (ಆಹಾರ ತಜ್ಞರು)

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. "ಆರೋಗ್ಯಕರ" ಅನ್ನುವ ಪದದ ಬಗ್ಗೆ ಯಾರೂ ಕೇಳಲಿಲ್ಲ, ಅದಕ್ಕೆ.

ಕ್ಯಾಲರಿಯನ್ನು ಗುರಿ ಮಾಡಿ, ಖರ್ಚು ಕಡಿಮೆ ಮಾಡು ಅಂತ ಕಂಪ್ಯೂಟರ್‌ಗೆ ಹೇಳಿದರೆ ಅದು ಸಕ್ಕರೆ, ಎಣ್ಣೆ, ನುಣ್ಣನೆ ಹಿಟ್ಟಿನ ಕಡೆಗೆ ಹೋಗುತ್ತದೆ. ಕೊಟ್ಟ ಹಣಕ್ಕೆ ಜಾಸ್ತಿ ಕ್ಯಾಲರಿ ಸಿಗುವುದು ಅಲ್ಲೇ. ಪ್ರೋಟೀನ್, ನಾರು, ಕಬ್ಬಿಣ, ಕ್ಯಾಲ್ಸಿಯಂಗೆ ಕನಿಷ್ಠ ಮಿತಿ ಇಡಿ. ಉಪ್ಪು, ಸಕ್ಕರೆಗೆ ಗರಿಷ್ಠ ಮಿತಿ ಇಡಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ, 5 ಗ್ರಾಂಗಿಂತ ಕಡಿಮೆ ಉಪ್ಪು. ಬಹಳಷ್ಟು ಪೋಷಕಾಂಶಗಳನ್ನು ವಾರದ ಸರಾಸರಿಯಲ್ಲಿ ನೋಡಿದರೆ ನಡೆಯುತ್ತದೆ. ಆಗ ಪ್ಲ್ಯಾನ್ ಕೂಡ ಸಡಿಲವಾಗಿರುತ್ತದೆ.

ಇನ್ನೊಂದು ತಪ್ಪನ್ನು ಪದೇ ಪದೇ ನೋಡಿದ್ದೇನೆ. 100 ಗ್ರಾಂ ಒಣ ಮಸೂರದಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇರುತ್ತದೆ. ಬೇಯಿಸಿದ 100 ಗ್ರಾಂನಲ್ಲಿ ಸುಮಾರು 9 ಗ್ರಾಂ, ಉಳಿದದ್ದರಲ್ಲಿ ನೀರೇ ಜಾಸ್ತಿ. ಪಟ್ಟಿಯಲ್ಲಿ ಒಂದು ಸಾಲು ಅದಲು ಬದಲಾದರೆ ಇಡೀ ವಾರದ ಲೆಕ್ಕ ಸುಳ್ಳು. ಅಮೆರಿಕದ ಕೃಷಿ ಇಲಾಖೆಯ ಫುಡ್‌ಡೇಟಾ ಸೆಂಟ್ರಲ್ ಮಾಹಿತಿ ಉಚಿತ, ಅದರಲ್ಲಿ ಹಸಿ ಮತ್ತು ಬೇಯಿಸಿದ ಸಾಲುಗಳು ಬೇರೆ ಬೇರೆ ಇವೆ. ನೋಡಿಕೊಂಡು ಬಳಸಿ.

ಕಾಯಿಲೆಯ ವಿಷಯಕ್ಕೆ ಬಂದರೆ ನನಗೆ ನಿಜವಾಗಿಯೂ ಭಯ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಇದ್ದಕ್ಕಿದ್ದಂತೆ ಸೊಪ್ಪು ಜಾಸ್ತಿ ಮಾಡಿದರೆ ಔಷಧದ ಪರಿಣಾಮ ಕುಗ್ಗುತ್ತದೆ, ಅದಕ್ಕೆ ಕಾರಣ ಸೊಪ್ಪಿನ ವಿಟಮಿನ್ ಕೆ. ಕಿಡ್ನಿ ತೊಂದರೆ ಇರುವ ಹಲವರಿಗೆ ಪೊಟ್ಯಾಸಿಯಂ ಮಿತಿ ಇರುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಊಟ ಹಠಾತ್ತಾಗಿ ಕಡಿಮೆಯಾದರೆ ರಕ್ತದ ಸಕ್ಕರೆ ಕುಸಿಯಬಹುದು. ಶುರುವಿನಲ್ಲೇ ಕೇಳಿ, ಇಂಥವರಿಗೆ ಪ್ಲ್ಯಾನ್ ಕೊಡದೆ ವೈದ್ಯರ ಹತ್ತಿರ ಕಳಿಸಿ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಬೇರೆ ಲೆಕ್ಕ. ಪ್ಲ್ಯಾನ್ ನೋಡಲು ಒಬ್ಬ ನೋಂದಾಯಿತ ಆಹಾರ ತಜ್ಞರನ್ನು ಮೊದಲ ವಾರದಿಂದಲೇ ಇಟ್ಟುಕೊಳ್ಳಿ, ಇದನ್ನು ಮುಂದಕ್ಕೆ ಹಾಕಬೇಡಿ.

ಮರುಪ್ರಶ್ನೆ

ತುಂಬಾ ಥ್ಯಾಂಕ್ಸ್ ಸರ್, ಒಣ ಮಸೂರದ ತಪ್ಪು ನನ್ನ ಶೀಟಿನಲ್ಲೂ ಇದೆ. ಇವತ್ತೇ ಸರಿ ಮಾಡುತ್ತೇನೆ.

ಮೇಡಂ, ಕೊನೆಯದಾಗಿ ಹಣದ ವಿಷಯ. ಖರ್ಚು ಉಳಿಸಲು ಬರುವವರು ಚಂದಾ ಕೊಡುತ್ತಾರಾ? ನನಗೆ ಒಳಗೊಳಗೇ ಇದೇ ಕೊರೆಯುತ್ತಿದೆ.

ಉತ್ತರ

ಸರಿಯಾದ ಕಡೆಯೇ ಕೊರೆಯುತ್ತಿದೆ. ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಸುಮಾರು 280 ಕೋಟಿ ಜನರಿಗೆ ಆರೋಗ್ಯಕರ ಆಹಾರ ಕೊಳ್ಳುವ ಶಕ್ತಿ ಇರಲಿಲ್ಲ. ಈ ಸಂಖ್ಯೆಯನ್ನು ಮಾರುಕಟ್ಟೆಯ ಗಾತ್ರ ಅಂತ ಹೂಡಿಕೆದಾರರ ಮುಂದೆ ಇಡಬೇಡಿ, ದಯವಿಟ್ಟು. ಅವರಿಗೆ ಬೇಕಿರುವುದು ಆದಾಯ, ಆ್ಯಪ್ ಅಲ್ಲ. ಅವರಿಗೆ ತಲುಪಲೇಬೇಕು ಅನ್ನುವ ಮನಸ್ಸಿದ್ದರೆ ಉಚಿತವಾಗಿ ಕೊಟ್ಟು, ಹಣವನ್ನು ಯಾವುದಾದರೂ ಸಂಸ್ಥೆಯಿಂದ ಹೊಂದಿಸಬೇಕು. ಅದು ಒಳ್ಳೆಯ ಕೆಲಸ, ಆದರೆ ಬೇರೆಯೇ ಉದ್ಯಮ. ಚಂದಾ ಕೊಡಬಲ್ಲವರು ನಿಮ್ಮಂಥ ಮನೆಯವರು: ಕೊಳ್ಳುವ ಶಕ್ತಿ ಇದೆ, ಆದರೆ ಎಸೆಯುವುದು, ಹೊರಗೆ ತಿನ್ನುವುದು ಜಾಸ್ತಿ. ಅವರಿಗೆ ಉಳಿತಾಯ ಕಣ್ಣಿಗೆ ಕಾಣಬೇಕು. ಉಳಿದದ್ದು ಚಂದಾದ ಐದಾರು ಪಟ್ಟಾದರೂ ಇರಬೇಕು ಅಂತ ನನ್ನ ಅನಿಸಿಕೆ. ಎರಡು ಪಟ್ಟು ಇದ್ದರೆ ಜನ ಅಷ್ಟಕ್ಕೆ ತಲೆಕೆಡಿಸಿಕೊಳ್ಳುವುದಿಲ್ಲ.

ಒಂದು ಲೆಕ್ಕ ಹಾಕೋಣ. ತಿಂಗಳ ಚಂದಾ 100 ಅಂತ ಇಟ್ಟುಕೊಳ್ಳಿ. ವರ್ಷದ ಗಳಿಕೆ 10 ಲಕ್ಷ ಡಾಲರ್ ಮೀರದ ಡೆವಲಪರ್‌ಗಳಿಗೆ ಆ್ಯಪಲ್ 2021ರಲ್ಲಿ ಕಮಿಷನ್ನನ್ನು 15%ಕ್ಕೆ ಇಳಿಸಿತು. ಆ ದರದಲ್ಲಿ ನಿಮ್ಮ ಕೈಗೆ 85 ಬರುತ್ತದೆ. ಪ್ರತಿ ತಿಂಗಳು 25% ಜನ ಬಿಟ್ಟು ಹೋದರೆ ಒಬ್ಬರು ಸರಾಸರಿ 4 ತಿಂಗಳು ಇರುತ್ತಾರೆ. 85ರಂತೆ 340. ಒಬ್ಬರನ್ನು ತರಲು ಜಾಹೀರಾತಿಗೆ 400 ಹೋದರೆ ಒಬ್ಬೊಬ್ಬರ ಮೇಲೂ 60 ನಷ್ಟ. ಹೆಚ್ಚು ಜನ ಬಂದಷ್ಟೂ ಹೆಚ್ಚು ನಷ್ಟ. ಅದೇ ತಿಂಗಳಿಗೆ 5% ಮಾತ್ರ ಬಿಟ್ಟರೆ ಸರಾಸರಿ 20 ತಿಂಗಳು, 1700 ಕೈಗೆ ಬರುತ್ತದೆ. ಎರಡರ ನಡುವೆ ಇರುವುದು ಆ ಬುಧವಾರ ಸಂಜೆಯೇ. ಜಾಹೀರಾತಿನ ಬುದ್ಧಿವಂತಿಕೆ ಇದನ್ನು ತುಂಬಿಕೊಡುವುದಿಲ್ಲ.

ಅಂಗಡಿಗಳಿಂದ ಕಮಿಷನ್ ತೆಗೆದುಕೊಳ್ಳುವ ದಾರಿಯೂ ಇದೆ. ಹುಷಾರು. ಜನ ಜಾಸ್ತಿ ಕೊಂಡರೆ ನಿಮಗೆ ಲಾಭ ಅಂತಾದರೆ, ಖರ್ಚು ಇಳಿಸುತ್ತೇವೆ ಅನ್ನುವ ನಿಮ್ಮ ಮಾತಿಗೆ ನೀವೇ ಎದುರು ನಿಂತಂತೆ. ನಾನಾಗಿದ್ದರೆ ಚಂದಾ ಅಥವಾ ಉದ್ಯೋಗಿಗಳಿಗೆ ಕೊಡುವ ಸೌಲಭ್ಯವಾಗಿ ಕಂಪನಿಗಳಿಗೆ ಮಾರುವುದನ್ನು ಮೊದಲು ನೋಡುತ್ತಿದ್ದೆ.

ಹಾಗಾಗಿ ಆರು ವಾರ ಸಂಜೆ ಹೊತ್ತು ಮತ್ತು ವಾರಾಂತ್ಯ. ಹತ್ತು ಮನೆಯಲ್ಲಿ ಆರು ಮನೆಯಾದರೂ ವಾರಕ್ಕೆ ನಾಲ್ಕು ಊಟ ಪ್ಲ್ಯಾನಿನಂತೆ ಬೇಯಿಸಿ, ಬಿಲ್ ಇಳಿದು, ಏಳನೇ ವಾರಕ್ಕೂ ತಾವಾಗಿ ಹಣ ಕೊಟ್ಟರೆ ಮತ್ತೆ ಇಲ್ಲಿಗೆ ಬನ್ನಿ. ಆಗ ಕೆಲಸ ಬಿಡುವ ಮಾತು ಆಡೋಣ. ಈ ಮಿತಿಯನ್ನು ಇವತ್ತೇ ಬರೆದಿಡಿ. ಫಲಿತಾಂಶ ಕಂಡ ಮೇಲೆ ಬರೆದರೆ ಮನಸ್ಸು ಅದನ್ನು ಸಡಿಲ ಮಾಡುತ್ತದೆ.

ಪ್ರಶ್ನೆ ಕೇಳಿದವರು

ಬರೆದಿಟ್ಟೆ ಮೇಡಂ. ಮೂರು ಮನೆ ಸಿಕ್ಕಿವೆ, ಮೂರೂ ಪರಿಚಯ ಇಲ್ಲದವರು. ಈ ಭಾನುವಾರದಿಂದ ಬಿಲ್ ಕಳಿಸುತ್ತೇವೆ ಅಂದಿದ್ದಾರೆ. ಒಬ್ಬರಂತೂ "ಪ್ಲ್ಯಾನ್ ಯಾವಾಗ ಕೊಡ್ತೀರಿ?" ಅಂತ ಈಗಲೇ ಕೇಳಿದರು. ಎರಡು ವಾರ ತಡೆಯಿರಿ ಅಂದೆ.